ರಕ್ತ ತೊಳೆಯುವುದೆಂದರೆ 4 ಗಂಟೆ, 120 ಲೀಟರ್ ನೀರು

ನಾನು ಕರಾವಳಿಯ ತಾಲ್ಲೂಕು ಆಸ್ಪತ್ರೆಯೊಂದರ ಡಯಾಲಿಸಿಸ್ ಘಟಕದಲ್ಲಿ ನರ್ಸ್. ರಕ್ತ ಶುದ್ಧಿ ಮಾಡುವುದೇ ನನ್ನ ದಿನನಿತ್ಯದ ಕೆಲಸ. ಹಾಗಾಗಿ ಫೋನಿನಲ್ಲಿ, ಬಸ್ಸಿನ ಹಿಂಬದಿಯ ಜಾಹೀರಾತಿನಲ್ಲಿ, ಜಾತ್ರೆಯ ಮಳಿಗೆಯಲ್ಲಿ 'ಏಳೇ ದಿನದಲ್ಲಿ ದೇಹದ ವಿಷವೆಲ್ಲ ಹೊರಗೆ' ಎಂಬ ಮಾತು ಕಂಡಾಗಲೆಲ್ಲ ನನಗೆ ಸುಮ್ಮನಿರಲು ಆಗುವುದಿಲ್ಲ. ರಕ್ತ ಶುದ್ಧಿ ಎಂದರೆ ಏನು, ಅದಕ್ಕೆ ಎಷ್ಟು ಕಷ್ಟವಿದೆ ಎಂಬುದನ್ನು ಹತ್ತಿರದಿಂದ ನೋಡಿದವರು ಆ ಮಾತನ್ನು ಅಷ್ಟು ಸುಲಭವಾಗಿ ಆಡಲಾರರು.

ನಮ್ಮಲ್ಲಿಗೆ ಬಂದವರ ತೂಕ ಮೊದಲು ನೋಡುತ್ತೇವೆ. ಹಿಂದಿನ ಸಲ ಮನೆಗೆ ಹೋದಾಗಿನ ತೂಕಕ್ಕಿಂತ ಎಷ್ಟು ಹೆಚ್ಚಾಗಿದೆಯೋ ಅಷ್ಟೂ ದೇಹದಲ್ಲಿ ನಿಂತ ನೀರು. ಆಮೇಲೆ ಬಿಪಿ. ಆಮೇಲೆ ಫಿಸ್ಟುಲಾ ಕೈಯನ್ನು, ಅಂದರೆ ಸೂಜಿ ಹಾಕಲೆಂದು ರಕ್ತನಾಳಗಳನ್ನು ಜೋಡಿಸಿದ ಕೈಯನ್ನು, ಸೋಪು ಹಾಕಿ ತೊಳೆದುಕೊಂಡು ಮಂಚಕ್ಕೆ ಬರಬೇಕು. ಎರಡು ದಪ್ಪ ಸೂಜಿ ಚುಚ್ಚುತ್ತೇವೆ. ಒಂದರಿಂದ ರಕ್ತ ಹೊರಗೆ ಬರುತ್ತದೆ, ಇನ್ನೊಂದರಿಂದ ಮರಳಿ ಒಳಗೆ ಹೋಗುತ್ತದೆ. ನಿಮಿಷಕ್ಕೆ 250ರಿಂದ 300 ಮಿಲಿಲೀಟರ್ ರಕ್ತ ಡಯಲೈಸರ್ ಎಂಬ ಕೊಳವೆಯ ಮೂಲಕ ಹರಿಯುತ್ತದೆ. ಆ ಕೊಳವೆಯೊಳಗೆ ಸಾವಿರಾರು ಸಪೂರ ಟೊಳ್ಳು ಎಳೆಗಳಿರುತ್ತವೆ. ಎಳೆಯ ಒಳಗೆ ರಕ್ತ, ಹೊರಗೆ ನಿಮಿಷಕ್ಕೆ 500 ಮಿಲಿಲೀಟರ್ ಲೆಕ್ಕದಲ್ಲಿ ಹರಿಯುವ ದ್ರಾವಣ. 4 ಗಂಟೆಗೆ 120 ಲೀಟರ್ ಆಯಿತು. ಆ ನೀರು ಮೊದಲು ಆರ್‌ಒ ಯಂತ್ರದಲ್ಲಿ ಸೋಸಿ ಬರಬೇಕು. ಅದರಲ್ಲಿ ಕ್ಲೋರಿನ್ ಉಳಿದರೂ ರೋಗಿಯ ರಕ್ತಕಣಗಳು ಒಡೆದುಹೋಗುತ್ತವೆ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡಬೇಕು. ನಡುವೆ ಬಿಪಿ ಕುಸಿಯಬಹುದು, ಮೀನಖಂಡ ಹಿಡಿದುಕೊಳ್ಳಬಹುದು. ಇದೆಲ್ಲ ವಾರಕ್ಕೆ 3 ಸಲ ಆಗಬೇಕು. ಅನೇಕರಿಗೆ 2 ಸಲವೇ ಸಿಗುವುದು. ಇಷ್ಟೆಲ್ಲ ಮಾಡಿಯೂ ಆರೋಗ್ಯವಂತ ಮೂತ್ರಪಿಂಡಗಳು ಮಾಡುವ ಕೆಲಸದ ಒಂದು ಸಣ್ಣ ಪಾಲನ್ನಷ್ಟೇ ನಮ್ಮ ಯಂತ್ರ ಮಾಡುತ್ತದೆ.

ಒಂದು ವಿಷಯವನ್ನು ಇಲ್ಲಿ ಒತ್ತಿ ಹೇಳಬೇಕು. ನಾವು ತೆಗೆಯುವುದು ಏನು ಎಂಬುದು ನಮಗೆ ಗೊತ್ತು. ಯೂರಿಯಾ, ಕ್ರಿಯಾಟಿನಿನ್, ಹೆಚ್ಚಾದ ಪೊಟ್ಯಾಸಿಯಂ, ಹೆಚ್ಚಾದ ನೀರು. ಸೂಜಿ ಹಾಕುವ ಮೊದಲು ರಕ್ತ ತೆಗೆದು ಪರೀಕ್ಷೆಗೆ ಕಳಿಸುತ್ತೇವೆ, ಮುಗಿದ ಮೇಲೆ ಇನ್ನೊಮ್ಮೆ ಕಳಿಸುತ್ತೇವೆ. ಮೊದಲು 140 ಇದ್ದ ಯೂರಿಯಾ ಕೊನೆಯಲ್ಲಿ 49ಕ್ಕಾದರೂ ಇಳಿದಿರಬೇಕು. ಶೇ 65ರಷ್ಟಾದರೂ ಕಡಿಮೆಯಾಗದಿದ್ದರೆ ಡಯಾಲಿಸಿಸ್ ಸರಿಯಾಗಿ ಆಗಿಲ್ಲ ಎಂದೇ ಅರ್ಥ. ಸೂಜಿ ನೋಡಬೇಕು, ಫಿಸ್ಟುಲಾ ನೋಡಬೇಕು, ಸಮಯ ಹೆಚ್ಚಿಸಬೇಕು. ದೇಹದಿಂದ ವಿಷ ತೆಗೆಯುತ್ತೇವೆ ಎನ್ನುವ ಯಾರೇ ಆಗಲಿ ಮೂರು ಪ್ರಶ್ನೆಗೆ ಉತ್ತರ ಕೊಡಬೇಕು: ಯಾವ ವಿಷ? ಮೊದಲು ಎಷ್ಟಿತ್ತು? ಈಗ ಎಷ್ಟಿದೆ? ಡಿಟಾಕ್ಸ್ ಮಾರುವ ಒಬ್ಬರಿಂದಲೂ ನನಗೆ ಇದುವರೆಗೆ ಈ ಉತ್ತರ ಸಿಕ್ಕಿಲ್ಲ.

ಇದು ನನ್ನೊಬ್ಬಳ ಅನುಭವವಲ್ಲ. ಬ್ರಿಟನ್ನಿನ ಸೆನ್ಸ್ ಅಬೌಟ್ ಸೈನ್ಸ್ ಸಂಸ್ಥೆಯ ಜತೆಗಿದ್ದ ಯುವ ವಿಜ್ಞಾನಿಗಳು 2009ರಲ್ಲಿ ಅಂಗಡಿಯಲ್ಲಿ ಸಿಗುವ 15 ಡಿಟಾಕ್ಸ್ ಉತ್ಪನ್ನಗಳನ್ನು ತೆಗೆದುಕೊಂಡು ಕಂಪನಿಗಳಿಗೆ ಇಂಥದೇ ಪ್ರಶ್ನೆ ಕೇಳಿದ್ದರು. ಡಿಟಾಕ್ಸ್ ಎಂದರೇನು ಎಂಬುದಕ್ಕೆ ಯಾವ ಎರಡು ಕಂಪನಿಗಳ ಉತ್ತರವೂ ಹೊಂದಲಿಲ್ಲ. ಯಾವ ವಿಷ ಹೋಗುತ್ತದೆ ಎಂದು ಹೆಸರು ಹಿಡಿದು ಹೇಳಿ ಸಾಬೀತು ಮಾಡಲು ಯಾರಿಂದಲೂ ಆಗಲಿಲ್ಲ.

ಯಂತ್ರದಿಂದ ರಕ್ತ ತೊಳೆಯುವ ವಿದ್ಯೆ ಮನುಷ್ಯರಿಗೆ ದಕ್ಕಿದ್ದೇ ತೀರಾ ಈಚೆಗೆ. ಎರಡನೇ ಮಹಾಯುದ್ಧದ ನಡುವೆ, ಜರ್ಮನರ ಹಿಡಿತದಲ್ಲಿದ್ದ ನೆದರ್ಲೆಂಡ್ಸ್‌ನ ಕಾಂಪೆನ್ ಎಂಬ ಸಣ್ಣ ಪಟ್ಟಣದಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ತರುಣ ವೈದ್ಯರು 1943ರಲ್ಲಿ ಮೊದಲ ಕೃತಕ ಮೂತ್ರಪಿಂಡವನ್ನು ಬಳಕೆಗೆ ತಂದರು. ಯುದ್ಧಕಾಲ, ಸಾಮಗ್ರಿ ಸಿಗುತ್ತಿರಲಿಲ್ಲ. ಮಾಂಸದ ಸಾಸೇಜ್ ತುಂಬುವ ಸೆಲ್ಲೋಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಗೆ ಸುತ್ತಿ, ಅದರೊಳಗೆ ರೋಗಿಯ ರಕ್ತ ಹರಿಸಿ, ಉರುಳೆಯನ್ನು ಉಪ್ಪು ನೀರಿನ ತೊಟ್ಟಿಯಲ್ಲಿ ತಿರುಗಿಸುತ್ತಿದ್ದರು. ಮೊದಲ ಎರಡು ವರ್ಷ ಚಿಕಿತ್ಸೆ ಪಡೆದವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಕೋಲ್ಫ್ ಬಿಡಲಿಲ್ಲ. 1945ರಲ್ಲಿ ಪ್ರಜ್ಞೆ ತಪ್ಪಿದ್ದ 67 ವರ್ಷದ ಮಹಿಳೆಯೊಬ್ಬರು ಆ ಯಂತ್ರದಿಂದಾಗಿ ಕಣ್ಣು ತೆರೆದರು, ಮುಂದೆ ವರ್ಷಗಟ್ಟಲೆ ಬದುಕಿದರು. ನಮ್ಮ ಘಟಕದ ಪ್ರತಿಯೊಂದು ಯಂತ್ರವೂ ಅಲ್ಲಿಂದ ಬಂದದ್ದು. ಪ್ರತಿ ಹೆಜ್ಜೆಯಲ್ಲೂ ಅಳೆದು, ಸೋತು, ತಿದ್ದಿ ಕಟ್ಟಿದ ವಿದ್ಯೆ ಇದು. ಅದೇ ಕೆಲಸವನ್ನು ಅಂಗಾಲಿಗೆ ಅಂಟಿಸುವ ಒಂದು ಪಟ್ಟಿ ಮಾಡುತ್ತದೆ ಎಂದು ಹೇಳುವವರು ಅಷ್ಟೇ ಗಟ್ಟಿಯಾದ ಪುರಾವೆ ತೋರಿಸಬೇಕಾಗುತ್ತದೆ.

ಆ ಪಟ್ಟಿಯ ವಿಚಾರವನ್ನೇ ಹೇಳುತ್ತೇನೆ. ನಮ್ಮಲ್ಲಿಗೆ ಬರುವ ರೋಗಿಯೊಬ್ಬರ ಹೆಂಡತಿ ಒಂದು ಬೆಳಿಗ್ಗೆ ಪ್ಲಾಸ್ಟಿಕ್ ಚೀಲದಲ್ಲಿ ಏನನ್ನೋ ಸುತ್ತಿ ತಂದಿದ್ದರು. ಬಿಡಿಸಿ ತೋರಿಸಿದರು. ಚಹಾ ಚೀಲದ ಹಾಗಿದ್ದ ಪಟ್ಟಿ, ನಡುವೆ ಕಡುಕಂದು ಅಂಟು. 'ಸಿಸ್ಟರ್, ರಾತ್ರಿ ಇವರ ಕಾಲಿಗೆ ಹಚ್ಚಿದ್ದು. ಬೆಳಿಗ್ಗೆ ನೋಡಿದ್ರೆ ಹೀಗೆ. ಮೈಯ ನಂಜೆಲ್ಲ ಎಳೀತದಂತೆ. ಇನ್ನೊಂದು ತಿಂಗಳು ಹಚ್ಚಿದ್ರೆ ಡಯಾಲಿಸಿಸ್ ಕಮ್ಮಿ ಮಾಡ್ಬಹುದು ಅಂತ ಅವ್ರು ಹೇಳಿದ್ದಾರೆ.' ಗಂಡ ಮಂಚದ ಮೇಲೆ ಮಲಗಿ ನನ್ನ ಮುಖವನ್ನೇ ನೋಡುತ್ತಿದ್ದರು. ಅವರಿಗೆ ಬೇಕಿದ್ದದ್ದು ಹೌದು ಎಂಬ ಒಂದು ಮಾತು. ಪೊಟ್ಟಣದಲ್ಲಿ ಬಳಸದ ಪಟ್ಟಿ ಇತ್ತು. ಅದೊಂದನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ನಮ್ಮ ಆರ್‌ಒ ನೀರನ್ನೇ ಬಿಸಿ ಮಾಡಿ ಕೆಲವು ಹನಿ ಹಾಕಿದೆ. ಆಸ್ಪತ್ರೆಯಲ್ಲಿ ಅದಕ್ಕಿಂತ ಶುದ್ಧ ನೀರು ಬೇರೆ ಇಲ್ಲ. ಅವರ ಡಯಾಲಿಸಿಸ್ ಮುಗಿಯುವ ಮೊದಲೇ ಆ ಪಟ್ಟಿಯೂ ಕಂದಾಗಿ ಅಂಟಂಟಾಯಿತು. ಯಾರ ಕಾಲೂ ಅದಕ್ಕೆ ತಾಗಿರಲಿಲ್ಲ. ಇಂಥ ಪಟ್ಟಿಗಳಲ್ಲಿರುವ ಮರದ ವಿನೆಗರ್ ಪುಡಿಗೆ ತೇವ ತಾಗಿದರೆ ಬಣ್ಣ ತಿರುಗುತ್ತದೆ. ರಾತ್ರಿಯಿಡೀ ಪಾದ ಬೆವರಿದರೆ ಸಾಕು. ಅಮೆರಿಕದಲ್ಲಿ ಕಿನೋಕಿ ಎಂಬ ಹೆಸರಿನಲ್ಲಿ ಇಂಥ ಪಟ್ಟಿ ಮಾರುತ್ತಿದ್ದವರ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲಿ ಮೊಕದ್ದಮೆ ಹೂಡಿತು, ಮರುವರ್ಷ ಅವರ ಮಾರಾಟಕ್ಕೆ ತಡೆ ಬಿತ್ತು. ನಮ್ಮ ದೇಶದಲ್ಲಿ ಅದೇ ಬಗೆಯ ಪಟ್ಟಿ ಆನ್‌ಲೈನ್‌ನಲ್ಲಿ ತರಿಸಿದರೆ ಎರಡು ದಿನದಲ್ಲಿ ಮನೆ ಬಾಗಿಲಿಗೆ ಬರುತ್ತದೆ.

ಕಾಲನ್ನು ನೀರಿನ ಟಬ್ಬಿನಲ್ಲಿ ಇಡಿಸಿ ವಿದ್ಯುತ್ ಹಾಯಿಸುವ ಯಂತ್ರದ್ದೂ ಅದೇ ಕಥೆ. ನೀರಿಗೆ ಉಪ್ಪು ಹಾಕುತ್ತಾರೆ, ಲೋಹದ ಎರಡು ಫಲಕಗಳಿಗೆ ಕರೆಂಟು ಕೊಡುತ್ತಾರೆ, ಲೋಹ ಕರಗಿ ತುಕ್ಕಾಗಿ ನೀರು ಕಂದಾಗುತ್ತದೆ. ಕಪ್ಪಾದರೆ ಲಿವರ್‌ನದು, ಕಿತ್ತಳೆಯಾದರೆ ಕೀಲಿನದು ಎಂದು ಬಣ್ಣದ ಪಟ್ಟಿ ತೋರಿಸುತ್ತಾರೆ. ಕಾಲಿಡದೆಯೂ ಯಂತ್ರ ಓಡಿಸಿ ಎಂದು ಕೇಳಿ ನೋಡಿ. ಕೆನಡಾದಲ್ಲಿ ಇಂಥ ಯಂತ್ರವನ್ನು ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಲಿಟ್ಟರೂ ಇಡದಿದ್ದರೂ ನೀರಿನಲ್ಲಿ ಲೋಹದ ಅಂಶ ಏರಿತ್ತು. ಪಾದದ ಮೂಲಕ ವಿಷ ಹೊರಬಂದ ಕುರುಹು ಸಿಗಲಿಲ್ಲ.

ಇದಕ್ಕಿಂತ ಹೆಚ್ಚು ಜನ ನಂಬಿರುವುದು 'ಲಿವರ್ ಕ್ಲೀನ್' ಅನ್ನು. ವಾಟ್ಸ್‌ಆ್ಯಪ್‌ನಲ್ಲಿ ವರ್ಷಗಳಿಂದ ಸುತ್ತುತ್ತಿರುವ ಸಂದೇಶ ಅದು: ಕೆಲವು ದಿನ ಸೇಬಿನ ರಸ ಕುಡಿಯಿರಿ, ಆಮೇಲೆ ಒಂದು ಸಂಜೆ ಎಪ್ಸಮ್ ಉಪ್ಪು, ರಾತ್ರಿ ಅರ್ಧ ಲೋಟ ಆಲಿವ್ ಎಣ್ಣೆಗೆ ನಿಂಬೆರಸ ಕಲಸಿ ಕುಡಿದು ಮಲಗಿ, ಬೆಳಿಗ್ಗೆ ಪಿತ್ತಕೋಶದ ಹಸಿರು ಕಲ್ಲುಗಳು ಹೊರಗೆ ಬರುತ್ತವೆ. ನಿಜವಾಗಿಯೂ ಹಸಿರು ಉಂಡೆಗಳು ಬರುತ್ತವೆ, ಅದಕ್ಕೇ ಜನ ನಂಬುವುದು. ಅವುಗಳ ಫೋಟೊ ತೆಗೆದು ಇತರರಿಗೆ ಕಳಿಸುತ್ತಾರೆ. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ನ್ಯೂಜಿಲೆಂಡಿನ ತಜ್ಞರಿಬ್ಬರು ಇಂಥ 'ಕಲ್ಲು'ಗಳ ಪರೀಕ್ಷೆಯ ವರದಿ ಬರೆದರು. ಮಹಿಳೆಯೊಬ್ಬರು ತಂದುಕೊಟ್ಟ ಆ ಉಂಡೆಗಳನ್ನು 40 ಡಿಗ್ರಿಗೆ ಕಾಯಿಸಿದಾಗ ಹತ್ತು ನಿಮಿಷದಲ್ಲಿ ಕರಗಿ ಎಣ್ಣೆಯಂಥ ಹಸಿರು ದ್ರವವಾದವು. ಅವುಗಳಲ್ಲಿ ಕೊಲೆಸ್ಟರಾಲ್ ಇರಲಿಲ್ಲ, ಕ್ಯಾಲ್ಸಿಯಂ ಇರಲಿಲ್ಲ, ಬಿಲಿರುಬಿನ್ ಇರಲಿಲ್ಲ. ಅಂದರೆ ಪಿತ್ತದ ಕಲ್ಲಿನಲ್ಲಿ ಇರಬೇಕಾದ್ದು ಯಾವುದೂ ಇರಲಿಲ್ಲ. ಇದ್ದದ್ದು ಹೆಚ್ಚಾಗಿ ಕೊಬ್ಬಿನ ಆಮ್ಲ. ಆಲಿವ್ ಎಣ್ಣೆಯ ಮುಖ್ಯ ಅಂಶವನ್ನು ನಿಂಬೆರಸದೊಂದಿಗೆ ಕಲಸಿ ಸ್ವಲ್ಪ ಕ್ಷಾರ ಸೇರಿಸಿ ಅವರು ಪ್ರಯೋಗಾಲಯದಲ್ಲೇ ಇಂಥ ಉಂಡೆ ಮಾಡಿ ತೋರಿಸಿದರು. ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಾಗಿ ಹೊರಬಂದಿತ್ತು. ಆ ಮಹಿಳೆಯ ಪಿತ್ತಕೋಶದಲ್ಲಿ ನಿಜವಾದ ಕಲ್ಲುಗಳಿದ್ದವು. ಅವನ್ನು ಕೊನೆಗೆ ಶಸ್ತ್ರಚಿಕಿತ್ಸೆಯಿಂದಲೇ ತೆಗೆಯಬೇಕಾಯಿತು.

ನನ್ನ ಮುಖ್ಯ ಆತಂಕ ಇರುವುದು ಹಣ ಹಾಳಾಗುವುದರ ಬಗ್ಗೆ ಅಲ್ಲ. ಕಾಲಿನ ಪಟ್ಟಿಯಿಂದ ಕಿಸೆಗೆ ನಷ್ಟ, ಅಷ್ಟೆ. ಹೊಟ್ಟೆಗೆ ಸೇರುವ ರಸ, ಕಷಾಯ, ಪುಡಿಗಳಿಂದ ಆಗುವ ನಷ್ಟವೇ ಬೇರೆ. ಅವನ್ನು ಕುಡಿದವರು ನೇರವಾಗಿ ನಮ್ಮ ವಾರ್ಡಿಗೆ ಬರುತ್ತಾರೆ.

ಬಿಂಬುಳಿ ಎಂಬ ಹುಳಿ ಕಾಯಿ ನಮ್ಮ ಕರಾವಳಿಯವರಿಗೆ ಹೊಸದಲ್ಲ. ಹಿತ್ತಲಲ್ಲಿ ಕಾಂಡದ ತುಂಬ ಗೊಂಚಲು ಗೊಂಚಲಾಗಿ ಬಿಡುತ್ತದೆ. ಮೀನು ಸಾರಿಗೆ ನಾಲ್ಕು ಹಾಕುತ್ತೇವೆ, ಉಪ್ಪಿನಕಾಯಿ ಹಾಕುತ್ತೇವೆ. ಅದರಿಂದ ಯಾರಿಗೂ ಏನೂ ಆಗಿಲ್ಲ. ಕೇರಳದಲ್ಲಿ ಕೊಲೆಸ್ಟರಾಲ್ ಇಳಿಯುತ್ತದೆ ಎಂಬ ನಂಬಿಕೆಯಿಂದ ಕೆಲವರು ಅದರ ರಸ ಹಿಂಡಿ ಕುಡಿದರು. ಹೀಗೆ ಕುಡಿದು ಮೂತ್ರಪಿಂಡ ದಿಢೀರನೆ ಕೈಕೊಟ್ಟ 10 ಮಂದಿಯ ವಿವರವನ್ನು ಅಲ್ಲಿನ ಐದು ಆಸ್ಪತ್ರೆಗಳ ವೈದ್ಯರು 2013ರಲ್ಲಿ ಇಂಡಿಯನ್ ಜರ್ನಲ್ ಆಫ್ ನೆಫ್ರಾಲಜಿಯಲ್ಲಿ ಬರೆದರು. 10ರಲ್ಲಿ 7 ಮಂದಿಗೆ ಡಯಾಲಿಸಿಸ್ ಮಾಡಬೇಕಾಯಿತು. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ವಿಪರೀತ. ಸಾರಿಗೆ ಹಾಕಿದ ನಾಲ್ಕು ಕಾಯಿಯದನ್ನು ದೇಹ ನಿಭಾಯಿಸುತ್ತದೆ. ಲೋಟಗಟ್ಟಲೆ ರಸ ಕುಡಿದರೆ ಅದು ಕ್ಯಾಲ್ಸಿಯಂ ಜತೆ ಸೇರಿ ಹರಳಾಗಿ ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ. ಪಾಲಕ್‌ನಲ್ಲೂ ಆಕ್ಸಲೇಟ್ ಹೆಚ್ಚು. ಸೊಪ್ಪಿನ ಹಸಿರು ಸ್ಮೂದಿ ಕುಡಿದು ದೇಹ ಶುದ್ಧಿ ಮಾಡಿಕೊಳ್ಳಲು ಹೋದ 65 ವರ್ಷದ ಮಹಿಳೆಯೊಬ್ಬರ ಮೂತ್ರಪಿಂಡ ಇದೇ ರೀತಿ ಶಾಶ್ವತವಾಗಿ ನಿಂತುಹೋದ ಪ್ರಕರಣ 2018ರಲ್ಲಿ ಅಮೆರಿಕದಿಂದ ವರದಿಯಾಗಿದೆ. ಅವರಿಗೆ ಹಿಂದೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿತ್ತು, ಆಂಟಿಬಯೋಟಿಕ್ ತೆಗೆದುಕೊಂಡಿದ್ದರು. ಅಪಾಯ ಹೆಚ್ಚಲು ಅವೂ ಕಾರಣ. ಆದರೆ ಹಸಿರು ರಸ ಮಾರುವವರು ನಿಮಗೆ ಹಿಂದೆ ಯಾವ ಆಪರೇಷನ್ ಆಗಿತ್ತು ಎಂದು ಕೇಳುವುದಿಲ್ಲವಲ್ಲ.

ಬಿಂಬುಳಿಯ ಸೋದರನಾದ ದಾರೆಹುಳಿ, ಅಂದರೆ ಸ್ಟಾರ್ ಫ್ರೂಟ್, ಮೂತ್ರಪಿಂಡ ಕೆಟ್ಟವರಿಗೆ ಇನ್ನೂ ಅಪಾಯಕಾರಿ. ಅದರಲ್ಲಿ ನರಮಂಡಲಕ್ಕೆ ವಿಷವಾಗುವ ಅಂಶವೊಂದಿದೆ. ಬ್ರೆಜಿಲ್‌ನ ವಿಜ್ಞಾನಿಗಳು 2013ರಲ್ಲಿ ಅದನ್ನು ಗುರುತಿಸಿ ಕ್ಯಾರಾಂಬಾಕ್ಸಿನ್ ಎಂದು ಹೆಸರಿಟ್ಟರು. ಆರೋಗ್ಯವಂತರಲ್ಲಿ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಡಯಾಲಿಸಿಸ್‌ನಲ್ಲಿರುವವರು ತಿಂದರೆ ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್, ಕೆಲವೊಮ್ಮೆ ಸಾವು. ಹೊಸ ರೋಗಿ ಸೇರಿದಾಗಲೆಲ್ಲ ನಾನು ಮೊದಲು ಕೇಳುವ ಪ್ರಶ್ನೆಗಳಲ್ಲಿ ಮನೆಯಲ್ಲಿ ದಾರೆಹುಳಿ ಮರ ಇದೆಯೇ ಎಂಬುದೂ ಒಂದು.

ಸೋರೆಕಾಯಿಯ ಸಂಗತಿ ಹಲವರಿಗೆ ನೆನಪಿರಬಹುದು. 2010ರಲ್ಲಿ ದೆಹಲಿಯಲ್ಲಿ ಸಿಎಸ್‌ಐಆರ್‌ನ ವಿಜ್ಞಾನಿಯೊಬ್ಬರು ಬೆಳಿಗ್ಗೆ ಆರೋಗ್ಯಕ್ಕೆಂದು ಕುಡಿದ ಸೋರೆಕಾಯಿ ರಸದಿಂದ ತೀರಿಕೊಂಡರು. ರಸ ಕಹಿಯಾಗಿತ್ತು. ಸೋರೆ, ಸೌತೆಯ ಜಾತಿಯ ಬಳ್ಳಿಗಳಲ್ಲಿ ಕೆಲವೊಮ್ಮೆ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಹೆಚ್ಚಾಗುತ್ತದೆ. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ಮಾಡಿ, ಕಹಿ ಸೋರೆಯ ರಸ ಕುಡಿಯಲೇಬಾರದು, ಬೇರೆ ರಸದ ಜತೆ ಬೆರೆಸಲೂಬಾರದು ಎಂದು ಹೇಳಿತು. ನಮ್ಮ ಅಜ್ಜಿಯಂದಿರು ಸೋರೆ ಹೆಚ್ಚುವಾಗ ಒಂದು ಚೂರು ಬಾಯಿಗೆ ಹಾಕಿ ನೋಡುತ್ತಿದ್ದದ್ದು ಇದಕ್ಕೇ. ಕಹಿ ಎಂದರೆ ದನಕ್ಕೂ ಹಾಕದೆ ಎಸೆಯುತ್ತಿದ್ದರು. 'ಕಹಿ ಇದ್ದಷ್ಟೂ ಒಳ್ಳೆಯದು, ಕಣ್ಣು ಮುಚ್ಚಿ ಕುಡಿಯಿರಿ' ಎಂಬುದು ಇಂದಿನವರ ಉಪದೇಶ.

ನಮ್ಮ ಘಟಕದ್ದೇ ಒಂದು ಪ್ರಸಂಗವಿದೆ. ಆಟೊ ಓಡಿಸುವ ಹುಡುಗ, ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಬಿಪಿಯಿಂದ ಎರಡೂ ಮೂತ್ರಪಿಂಡ ಕಳೆದುಕೊಂಡವನು. ದೂರದ ಊರಿನಲ್ಲಿ ಯಾರೋ ನಡೆಸಿದ ಶುದ್ಧೀಕರಣ ಶಿಬಿರಕ್ಕೆ ಸಂಬಂಧಿಕರು ಕರೆದುಕೊಂಡು ಹೋದರು. ಅನ್ನ ಬಿಡಿಸಿ ದಿನವಿಡೀ ಎಳನೀರು, ಹಣ್ಣಿನ ರಸ, ಬಾಳೆದಿಂಡಿನ ರಸ. ಡಯಾಲಿಸಿಸ್ ಬೇಡ, ಯಂತ್ರ ಅಭ್ಯಾಸವಾದರೆ ಕಿಡ್ನಿ ಸೋಮಾರಿಯಾಗುತ್ತದೆ ಎಂದು ಅಲ್ಲಿ ಹೇಳಿದ್ದರಂತೆ. ಒಂದು ಎಳನೀರಿನಲ್ಲಿ ಐದಾರು ನೂರು ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ನಮ್ಮ ನಿಮ್ಮ ಮೂತ್ರಪಿಂಡ ಅದನ್ನು ಸಂಜೆಯೊಳಗೆ ಹೊರಹಾಕುತ್ತದೆ. ಅವನ ದೇಹದಲ್ಲಿ ಅದಕ್ಕೆ ಹೊರಗೆ ಹೋಗುವ ದಾರಿಯೇ ಇರಲಿಲ್ಲ. ಅಣ್ಣ ಹೊತ್ತುಕೊಂಡು ತಂದಾಗ ಕಾಲು ಎತ್ತಲು ಬರುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಇಸಿಜಿ ಕಾಗದದ ಮೇಲೆ ಅಲೆಗಳು ಮೊನಚಾಗಿ ಎದ್ದು ನಿಂತಿದ್ದವು. ಪೊಟ್ಯಾಸಿಯಂ 5ರೊಳಗೆ ಇರಬೇಕು, ಅವನದು 8ರ ಹತ್ತಿರ ಇತ್ತು. ಡಾಕ್ಟರು ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟು ಹೃದಯವನ್ನು ಹಿಡಿದು ನಿಲ್ಲಿಸಿದರು, ಗ್ಲೂಕೋಸ್ ಜತೆ ಇನ್ಸುಲಿನ್ ಹಾಕಿದರು, ನಾನು ಯಂತ್ರ ಸಿದ್ಧ ಮಾಡಿದೆ. ಅವನು ಉಳಿದ. ಅವನ ಹೆಂಡತಿ ಬಾಗಿಲ ಹೊರಗೆ ನಿಂತು ಕೇಳಿದ್ದು ಒಂದೇ ಮಾತು: 'ಅಕ್ಕ, ಎಳನೀರು ಒಳ್ಳೇದಲ್ವಾ?' ಒಳ್ಳೆಯದೇ. ಅವಳಿಗೆ ಒಳ್ಳೆಯದು, ಅವನಿಗಲ್ಲ. ಇಷ್ಟು ಹೇಳುವ ತಿಳಿವಳಿಕೆ ಇಲ್ಲದವರು ಶಿಬಿರ ನಡೆಸುತ್ತಾರೆ ಎಂಬುದು ನನ್ನ ಸಿಟ್ಟು.

ಶುದ್ಧಿಗೆಂದು ಕೊಡುವ ಪುಡಿಗಳಲ್ಲೇ ವಿಷ ಇರುವುದೂ ಉಂಟು. ಅಮೆರಿಕದ ಬೋಸ್ಟನ್ ಸುತ್ತಮುತ್ತಲ ಅಂಗಡಿಗಳಲ್ಲಿ ಮಾರುತ್ತಿದ್ದ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿದ್ದನ್ನು 2004ರಲ್ಲಿ ಅಲ್ಲಿನ ವೈದ್ಯಕೀಯ ಸಂಘದ ಪತ್ರಿಕೆ ಪ್ರಕಟಿಸಿತು. ನಾಟಿ ಔಷಧಗಳ ಪಾದರಸಕ್ಕೂ ಮೂತ್ರದಲ್ಲಿ ಪ್ರೊಟೀನ್ ಸೋರುವ ಒಂದು ಬಗೆಯ ಮೂತ್ರಪಿಂಡ ರೋಗಕ್ಕೂ ನಂಟಿರುವುದನ್ನು ದಕ್ಷಿಣ ಭಾರತದ ತಜ್ಞರೇ 2022ರಲ್ಲಿ ಬರೆದಿದ್ದಾರೆ. ಇದರರ್ಥ ಆಯುರ್ವೇದವೆಲ್ಲ ಕೆಟ್ಟದ್ದು ಎಂದಲ್ಲ. ಓದಿ ಪದವಿ ಪಡೆದ ಆಯುರ್ವೇದ ವೈದ್ಯರು ವಿರೇಚನ ಕೊಡುವ ಮೊದಲು ರೋಗಿಯ ಬಲ ನೋಡುತ್ತಾರೆ, ಯಾರಿಗೆ ಕೊಡಬಾರದು ಎಂಬ ಪಟ್ಟಿ ಚರಕ ಸಂಹಿತೆಯಲ್ಲೇ ಇದೆ ಎಂದು ಹೇಳುತ್ತಾರೆ. ಶುಕ್ರವಾರ ಸಂಜೆ ಬಂದು ಭಾನುವಾರ ಮನೆಗೆ ಹೋಗುವ ರೆಸಾರ್ಟ್ ಪ್ಯಾಕೇಜಿನಲ್ಲಿ ಆ ಪಟ್ಟಿಯನ್ನು ತೆರೆದು ನೋಡುವವರು ಯಾರು?

ನಂಜು ಎಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ಗಾಯವಾದರೆ ಬದನೆ ಬೇಡ, ನಂಜಾಗುತ್ತದೆ ಎಂದು ಕೇಳಿಯೇ ಬೆಳೆದವರು ನಾವು. ರಜೆಯಲ್ಲಿ ಮಕ್ಕಳಿಗೆಲ್ಲ ಬೆಳಿಗ್ಗೆ ಹರಳೆಣ್ಣೆ ಕುಡಿಸಿ ಭೇದಿ ಮಾಡಿಸುತ್ತಿದ್ದರು, ಮಧ್ಯಾಹ್ನ ಗಂಜಿ. ಮಕ್ಕಳ ಹೊಟ್ಟೆಯಲ್ಲಿ ಜಂತುಹುಳ ಇರುತ್ತಿದ್ದ, ಬೇರೆ ಮದ್ದು ಸಿಗದಿದ್ದ ಕಾಲ ಅದು. ಆ ಹಿರಿಯರನ್ನು ನಾನು ತಪ್ಪು ಎನ್ನುವುದಿಲ್ಲ. ಈಗ 1ರಿಂದ 19 ವರ್ಷದವರೆಗಿನ ಎಲ್ಲರಿಗೂ ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳದ ಮಾತ್ರೆ ಉಚಿತವಾಗಿ ಕೊಡುತ್ತಾರೆ. ಹುಳ ಹೋಯಿತೇ ಇಲ್ಲವೇ ಎಂದು ಮಲ ಪರೀಕ್ಷೆಯಿಂದ ತಿಳಿಯಬಹುದು. ಕರುಳಿನಲ್ಲಿ ವರ್ಷಗಟ್ಟಲೆ ಮಲ ಅಂಟಿಕೊಂಡು ವಿಷ ಸೂಸುತ್ತದೆ ಎಂಬ ವಾದ ಯುರೋಪಿನಲ್ಲೂ ನೂರು ವರ್ಷದ ಹಿಂದೆ ಜೋರಾಗಿತ್ತು. ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ಅರ್ಬತ್‌ನಾಟ್ ಲೇನ್ ಅದನ್ನು ನಂಬಿ ಜನರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದರು. ವೈದ್ಯಲೋಕ ಆ ವಾದವನ್ನು ಪರೀಕ್ಷಿಸಿ ಕೈಬಿಟ್ಟು ಕಾಲವಾಯಿತು. ಕೊಲೊನೋಸ್ಕೋಪಿಯ ಕ್ಯಾಮೆರಾ ದಿನಾಲೂ ಎಷ್ಟೋ ಜನರ ಕರುಳಿನೊಳಗೆ ಹೋಗಿ ಬರುತ್ತದೆ. ಗೋಡೆಗೆ ಪದರಗಟ್ಟಿದ ಹಳೆಯ ಮಲ ಯಾರಲ್ಲೂ ಕಾಣುವುದಿಲ್ಲ.

ಆದರೂ ಶಿಬಿರ ಮುಗಿಸಿ ಬಂದವರು ಮೈ ಹಗುರಾಯಿತು ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಒಂದು ವಾರ ಬೇಕರಿ ತಿಂಡಿ ಇಲ್ಲ, ಕುಡಿತ ಇಲ್ಲ, ರಾತ್ರಿ ಹತ್ತಕ್ಕೆ ನಿದ್ದೆ, ಕೈಯಲ್ಲಿ ಫೋನಿಲ್ಲ. ಯಾರಿಗಾದರೂ ಹಿತವಾಗುತ್ತದೆ. ಊಟ ಕಡಿಮೆಯಾದಾಗ ದೇಹ ಕೂಡಿಟ್ಟ ಗ್ಲೈಕೋಜನ್ ಕರಗುತ್ತದೆ, ಅದರ ಜತೆ ಹಿಡಿದಿಟ್ಟ ನೀರೂ ಹೋಗುತ್ತದೆ. ತೂಕದ ಯಂತ್ರದಲ್ಲಿ ಒಂದೆರಡು ಕಿಲೊ ಇಳಿದದ್ದು ಕಾಣುತ್ತದೆ. ಮನೆಗೆ ಬಂದು ಅನ್ನ ಉಂಡರೆ ಅದು ಮರಳುತ್ತದೆ. ಒಳ್ಳೆಯ ನಿದ್ದೆ, ಮಿತವಾದ ಊಟ ಇವು ಒಳ್ಳೆಯವೇ, ಅವಕ್ಕೆ ಹತ್ತಿಪ್ಪತ್ತು ಸಾವಿರ ಕೊಡಬೇಕಾಗಿಲ್ಲ. ವಿಷ ತೆಗೆಯುವ ಕೆಲಸವನ್ನು ಮೂತ್ರಪಿಂಡ, ಯಕೃತ್ತು ಆ ವಾರವೂ ಮಾಡಿದವು, ಹಿಂದಿನ ವಾರವೂ ಮಾಡಿದ್ದವು. ಎರಡು ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಬೇಕಾದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಂಡು ಒಂದೂವರೆ ಲೀಟರಿನಷ್ಟನ್ನು ಮೂತ್ರವಾಗಿ ಬಿಡುತ್ತವೆ. ಮೆದುಳಿಗೆ ವಿಷವಾದ ಅಮೋನಿಯಾವನ್ನು ಯಕೃತ್ತು ಯೂರಿಯಾ ಮಾಡಿ ಅವುಗಳ ಕೈಗೆ ಕೊಡುತ್ತದೆ. ಈ ಅಂಗಗಳು ಕೆಲಸ ಮಾಡುತ್ತಿದ್ದರೆ ಹೊರಗಿನ ಶುದ್ಧಿ ಬೇಕಿಲ್ಲ. ಮಾಡದಿದ್ದರೆ ಆ ಕೆಲಸ ಯಾವ ರಸಕ್ಕೂ ಆಗುವುದಿಲ್ಲ.

ನಿಜವಾದ ವಿಷ ನಮ್ಮ ಸುತ್ತ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇದೆ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದನ್ನು ಕರಾವಳಿಯವರು ಮರೆತಿಲ್ಲ. ಅಲ್ಲಿನ ಮನೆಗಳಲ್ಲಿ ಮಲಗಿದಲ್ಲೇ ಇರುವ ಮಕ್ಕಳನ್ನು ನೋಡಿದವರಿಗೆ ವಿಷ ಎಂಬುದನ್ನು ಜಾಹೀರಾತಿಗೆ ಬಳಸಲು ಮನಸ್ಸು ಬಾರದು. ಅದರ ವಿರುದ್ಧ ಜನ ವರ್ಷಗಟ್ಟಲೆ ಹೋರಾಡಿದರು, 2011ರಲ್ಲಿ ಸುಪ್ರೀಂ ಕೋರ್ಟ್ ಬಳಕೆಗೆ ತಡೆ ಹಾಕಿತು. ಪೆಟ್ರೋಲಿನ ಸೀಸದ್ದೂ ಹಾಗೆಯೇ. 1990ರ ದಶಕದ ಕೊನೆಯಲ್ಲಿ ಬೆಂಗಳೂರು ಸೇರಿ ಹಲವು ನಗರಗಳ ಮಕ್ಕಳ ರಕ್ತ ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಅಂದಿನ ಮಿತಿ ಮೀರಿತ್ತು. 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಪಾವಗಡ, ಬಾಗೇಪಲ್ಲಿ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ಇನ್ನೂ ಹಲ್ಲು, ಮೂಳೆ ಕೆಡಿಸುತ್ತಿದೆ, ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬ ಮಿತಿ ಇದೆ, ಅಳೆಯುವ ಉಪಕರಣ ಇದೆ. ಈ ವಿಷಗಳಿಗೆ ಹೆಸರಿದೆ, ಪ್ರಮಾಣವಿದೆ, ಎಲ್ಲಿಂದ ಬಂತು ಎಂಬುದಕ್ಕೆ ಉತ್ತರವಿದೆ. ನಾಗರಹಾವು ಕಚ್ಚಿದರೆ ಪ್ರತಿವಿಷ ಕೊಡುತ್ತೇವೆ, ಕೀಟನಾಶಕ ಕುಡಿದು ಬಂದವರಿಗೆ ಅಟ್ರೋಪಿನ್ ಕೊಡುತ್ತೇವೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಕುಡಿದು ಬಂದವರಿಗೆ ಕೊಡಲು ಪ್ರತಿವಿಷವೇ ಇಲ್ಲ. ಡಯಾಲಿಸಿಸ್ ಮಾಡಿದರೂ ಕಣ್ಣೆದುರೇ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ. ಅಂಥ ರೋಗಿಯ ತಾಯಿಯ ಮುಂದೆ ನಿಂತವರಿಗೆ ಎಲ್ಲ ವಿಷಕ್ಕೂ ಒಂದೇ ಲೋಟದ ಪರಿಹಾರ ಎನ್ನುವ ಮಾತು ಸಹಿಸಲು ಆಗದು.

ಕಾನೂನು ಇಲ್ಲದೆ ಹೀಗಾಗಿದೆ ಎನ್ನುವಂತಿಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ ಪಿತ್ತಕೋಶದ ಕಲ್ಲು, ಮೂತ್ರಪಿಂಡದ ಕಲ್ಲು, ಮಧುಮೇಹ, ಬೊಜ್ಜು ಎಲ್ಲವೂ ಇವೆ. ಇವನ್ನು ಗುಣಪಡಿಸುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದು ಅಪರಾಧ. ಆ ಕಾಯ್ದೆ ಬರೆದಾಗ ಪತ್ರಿಕೆ, ಗೋಡೆಬರಹ ಇದ್ದವು. ಈಗ ಕನ್ನಡದಲ್ಲೇ ವಿಡಿಯೊ ಮಾಡಿ ಲಕ್ಷಾಂತರ ಜನರಿಗೆ ತಲುಪಿಸುತ್ತಾರೆ, ಕೆಳಗೆ ಫೋನ್ ನಂಬರ್ ಇರುತ್ತದೆ, ಅದಕ್ಕೆ ಹಣ ಕಳಿಸಿದರೆ ಪುಡಿ ಬರುತ್ತದೆ. ಪೊಟ್ಟಣದ ಮೇಲೆ ಏನೇನು ಹಾಕಿದ್ದಾರೆ ಎಂಬುದೂ ಇರುವುದಿಲ್ಲ. ಆರೋಗ್ಯ ಇಲಾಖೆ, ಔಷಧ ನಿಯಂತ್ರಣ ಇಲಾಖೆ, ಆಯುಷ್ ಇಲಾಖೆ ಮೂರೂ ಸೇರಿ ಜಿಲ್ಲೆಗೊಂದು ತಂಡ ಮಾಡಿ, ಇಂಥ ಪುಡಿಗಳನ್ನು ಹಿಡಿದು ಸೀಸ, ಪಾದರಸದ ಪರೀಕ್ಷೆಗೆ ಕಳಿಸಬೇಕು, ಫಲಿತಾಂಶವನ್ನು ಜನರ ಮುಂದಿಡಬೇಕು. ಶಿಬಿರ ನಡೆಸುವವರು ಬಂದವರ ಕ್ರಿಯಾಟಿನಿನ್ ವರದಿ ನೋಡದೆ ಸೇರಿಸಿಕೊಳ್ಳಬಾರದು ಎಂಬ ನಿಯಮ ಮಾಡಿದರೆ ಆ ಆಟೊ ಹುಡುಗನಂಥವರು ಎಷ್ಟೋ ಜನ ಉಳಿದಾರು.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಮಧುಮೇಹ ಅಥವಾ ಬಿಪಿ ಇದ್ದರೆ ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿ. ಮೂತ್ರಪಿಂಡ ಹಾಳಾಗುವುದು ನೋವಿಲ್ಲದೆ. ಕಾಲು ಊದುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಕಷಾಯ, ಪುಡಿ, ರಸ ಏನನ್ನೇ ತೆಗೆದುಕೊಳ್ಳುತ್ತಿದ್ದರೂ ವೈದ್ಯರಿಗೆ ಮುಚ್ಚಿಡಬೇಡಿ, ಪೊಟ್ಟಣವನ್ನೇ ತೆಗೆದುಕೊಂಡು ಹೋಗಿ ತೋರಿಸಿ. ಬೈದಾರು ಎಂಬ ಹೆದರಿಕೆ ಬೇಡ. ಮೈಯ ವಿಷ ತೆಗೆಯುತ್ತೇವೆ ಎಂದು ಯಾರಾದರೂ ಬಂದರೆ ಯಾವ ವಿಷ, ಎಷ್ಟಿದೆ ಎಂದು ಬರೆದುಕೊಡಲು ಹೇಳಿ. ಡಯಾಲಿಸಿಸ್‌ನಲ್ಲಿರುವವರು ಯಾರ ಮಾತು ಕೇಳಿಯೂ ಒಂದು ಸರದಿಯನ್ನೂ ತಪ್ಪಿಸಬೇಡಿ.